ತಬ್ಬಿಕೊಂಡರೆ ಜಾರುವ ಬಂಡೆ

ತೊಂಬತ್ತರ ದಶಕದ ಆರಂಭದಲ್ಲಿ ನಾನು ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ಮೇಷ್ಟ್ರು. ಬರೆಯುತ್ತಿದ್ದ ಕಾದಂಬರಿ ಅಮ್ಮನ ಬದುಕಿನದು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಜಂಗಮಕೋಟೆಯಲ್ಲಿ ರೇಷ್ಮೆ ಹುಳು ಮೇಯಿಸಿ ನನ್ನನ್ನು ಓದಿಸಿದವಳು ಅವಳು. ಅವಳು ಒಪ್ಪದ ಹೊರತು ಅಚ್ಚಿಗೆ ಕೊಡಬಾರದೆಂದು ನಿಶ್ಚಯಿಸಿದ್ದೆ. ಬರೆದಷ್ಟನ್ನು ಸಂಜೆ ಓದಿ ಹೇಳಿದರೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಆದರೆ ಪುಟ ಪುಟದಲ್ಲೂ ಗೋಳು. ಅವಳ ಪರವಾಗಿ ಮಗ ವಕಾಲತ್ತು ಮಾಡಿದ್ದೇ ಮಾಡಿದ್ದು. ನನಗೇ ರೇಜಿಗೆ ಹುಟ್ಟಿತ್ತು.

ಭಾನುವಾರ ಕಳವಾರದ ಬೆಟ್ಟಕ್ಕೆ ಬಂಡೆ ಹತ್ತಲು ಹೋಗುತ್ತಿದ್ದೆ. ಜೊತೆಗಾರ ನಮ್ಮೂರ ರೇಷ್ಮೆ ವ್ಯಾಪಾರಿ. ಮನೆಯಲ್ಲಿ ಉರ್ದು, ನನ್ನೊಡನೆ ಕನ್ನಡ, ಸಿಟ್ಟು ಬಂದರೆ ತೆಲುಗು. ಒಂದು ದಿನ ಇಳಿಜಾರು ಬಂಡೆಯ ನಡುವೆ ಹಿಡಿಯಲು ಏನೂ ಸಿಗದೆ ಹೆದರಿ, ಎದೆಯಾನಿಸಿ ಬಂಡೆಯನ್ನೇ ತಬ್ಬಿಕೊಂಡೆ. ಪಾದ ಜಾರತೊಡಗಿತು. ಮೇಲೆ ಕೂತು ನನ್ನ ಹಗ್ಗ ಹಿಡಿದಿದ್ದ ಅವನು ಕೂಗಿದ.

"ತಬ್ಕೋಬೇಡ ಕಣೋ! ಮೈ ದೂರ ಇಟ್ಕೊಂಡು ನೆಟ್ಟಗೆ ನಿಂತ್ಕೋ. ಭಾರ ಎಲ್ಲ ಕಾಲ್ ಮೇಲೆ ಬೀಳ್ಲಿ."

"ದೂರ ಹೋದ್ರೆ ಬೀಳಲ್ವೇನೋ?"

"ತಬ್ಕೊಂಡ್ರೇನೇ ಬೀಳೋದು!"

ಮನಸ್ಸು ಒಪ್ಪಲಿಲ್ಲ. ಆದರೂ ಸೊಂಟ ಹಿಂದಕ್ಕೆ ತಂದು ನಿಂತೆ. ಬೂಟು ಕಲ್ಲನ್ನು ಕಚ್ಚಿಕೊಂಡಿತು. ಅದು ಹೇಗೆಂದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

ಬರವಣಿಗೆಗೂ ಅವನ ಮಾತು ಸಲ್ಲುತ್ತದೆ ಅನ್ನಿಸಿ, ಆ ವಾರವೇ ಕಾದಂಬರಿಯನ್ನು ಮೊದಲಿನಿಂದ ಬರೆಯತೊಡಗಿದೆ. ಗೋಳು ತೆಗೆದೆ, ಮರುಕ ತೆಗೆದೆ, ವಾದ ಮಾಡುತ್ತಿದ್ದ ಮಗನನ್ನೂ ಕಥೆಯಿಂದ ಆಚೆ ಹಾಕಿದೆ. ಹುಳುವಿಗೆ ಸೊಪ್ಪು ಹಾಕುವ ಆ ಹೆಂಗಸು ತನ್ನ ಪಾಡಿಗೆ ತಾನು ಓಡಾಡತೊಡಗಿದಳು. ಖುಷಿಯಾಯಿತು, ಹಿಂದೆಯೇ ದಿಗಿಲೂ ಆಯಿತು. ಇದು ಚೆನ್ನಾಗಿದೆಯೋ, ಬರೀ ಒಣಗಿದೆಯೋ? ಗೆಳೆಯನನ್ನು ಕೇಳಿದರೆ, "ನಾನು ಹೇಳಿದ್ದು ಬಂಡೆ ವಿಷ್ಯ ಕಣಪ್ಪ, ನಿನ್ ಪುಸ್ತಕದ್ದು ನಂಗೇನ್ ಗೊತ್ತು?" ಎಂದು ನಕ್ಕುಬಿಟ್ಟ. ನನ್ನ ತಲೆ ಇನ್ನಷ್ಟು ಕೆಟ್ಟಿತು.

ಕೊನೆಗೆ ಅಮ್ಮನ ಮುಂದೆ ಕೂತು ಓದಿದೆ. ಈ ಸಲ ಅವಳು ಅಳಲಿಲ್ಲ. ಯಾರದೋ ಮನೆಯ ಸುದ್ದಿ ಕೇಳುವವಳಂತೆ ಗಲ್ಲಕ್ಕೆ ಕೈಕೊಟ್ಟು, ಅಲ್ಲಾಡದೆ ಕೇಳಿದಳು. ಒಪ್ಪಿದಳೋ ಇಲ್ಲವೋ ಮುಖ ನೋಡಿ ತಿಳಿಯುವಂತಿರಲಿಲ್ಲ. ಓದಿ ಮುಗಿಸಿದ ಮೇಲೆ ಕೇಳಿದಳು.

"ಪಾಪ, ಯಾರಪ್ಪ ಈಯಮ್ಮ? ಎಲ್ಲಾ ಒಬ್ಳೇ ಮಾಡ್ತಾಳಲ್ಲ, ಮಕ್ಳು ಮರಿ ಯಾರೂ ಇಲ್ವಾ ಇವಳಿಗೆ?"

ಹಾಳೆಗಳನ್ನು ಜೋಡಿಸಿ ಪಕ್ಕಕ್ಕಿಟ್ಟೆ.

"ಒಬ್ಬ ಇದಾನಮ್ಮ," ಎಂದೆ.

"ಎಲ್ಲಿ? ನೀನು ಓದಿದ್ರಲ್ಲಿ ಅವನು ಬರ್ಲೇ ಇಲ್ವಲ್ಲಪ್ಪ."