ಟೀ ಕುಡಿಯಲು ಹೋದ ರೈಡರ್

ಗೆಳೆಯರೇ, ಇವತ್ತು ಶಿರಾದಲ್ಲಿ ನಮ್ಮ ಬರಗೂರಿನ ಕಬಡ್ಡಿ ತಂಡ ಸೋತಿತು. ಕಾರಣ, ಒಂದು ತಮಿಳು ಸಿನಿಮಾ.

ನಮ್ಮ ರೈಡರ್ ನಾಗ ನಮ್ಮ ಜೊತೆಗೇ ಬಸ್ಸಿಳಿದವನು, "ಟೀ ಕುಡ್ದು ಬತ್ತೀನಿ" ಎಂದು ಹೋಗಿ ಮೊಬೈಲ್ ಆಫ್ ಮಾಡಿಕೊಂಡ. ಬದಲಿಗೆ ಯಾರೂ ಇಲ್ಲದೆ ಏಳು ಜನರ ಆಟವನ್ನು ಆರೇ ಜನ ಆಡಿದೆವು. ಪಂದ್ಯ ಮುಗಿದ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದ.

"ಅಣ್ಣಾ, ಮ್ಯಾಟ್ನಿಗೆ ಹೋಗ್ಬುಟ್ಟಿದ್ದೆ. ಹೀರೋ ನನ್ನಂಗೇ ಬೇಜವಾಬ್ದಾರಿ. ಕೊನೇಗೆ ಅವ್ನೇ ಆಡಿ ಟೀಮ್ ಗೆಲ್ಲುಸ್ತಾನೆ. ಅತ್ಬುಟ್ಟೆ ಕಣಣ್ಣಾ. ಇವತ್ತಿಂದ ನಾನೂ ಬದಲಾದೆ."

"ನೀನು ಬದಲಾಗೋ ಹೊತ್ಗೆ ಮ್ಯಾಚೇ ಮುಗೀತು ಕಣ್ಲಾ!" ಎಂದು ನಮ್ಮ ಮೂಲೆ ಕಾಯುವ ಆಟಗಾರ ಜಬಿ ಹಲ್ಲು ಕಡಿದ. ನಾಗ ನಿಲ್ಲಬೇಕಿದ್ದ ಜಾಗವನ್ನೂ ತಾನೇ ಕಾಯಲು ಹೋಗಿ ಅವನ ಮೊಣಕೈ ಸುಲಿದುಹೋಗಿತ್ತು. "ಇವ್ನ ಟೀಮಿಂದ ತೆಗ್ದಾಕಣ್ಣಾ."

ನಾನು ಕ್ಯಾಪ್ಟನ್. ತೆಗೆಯುವುದಿಲ್ಲ. ತೆಗೆದರೆ ಅವನಿಗೆ ಸಿನಿಮಾ ನೋಡಲು ಇನ್ನಷ್ಟು ಬಿಡುವು ಸಿಗುತ್ತದೆ, ಅಷ್ಟೇ.

"ಲೇ ನಾಗ, ನಾಳೆ ಬೆಳಿಗ್ಗೆ ಐದಕ್ಕೆ ಗ್ರೌಂಡಿಗೆ ಬಾ. ರೈಡ್ ಇಲ್ಲ. ಜಬಿ ಕೈ ಹಿಡ್ಕಂಡು ಮೂಲೇಲಿ ನಿಂತ್ಕೋ. ಆ ಕೈ ಬುಡದಂಗೆ ಆಡೋದು ಕಲಿಯೋವರ್ಗೂ ನಿನ್ನ ರೈಡಿಗೆ ಕಳ್ಸಲ್ಲ."

ನಾಗನ ಮುಖ ಸಣ್ಣದಾಯಿತು. "ಸಿನಿಮಾದಾಗೆ ಒಂದೇ ಹಾಡಲ್ಲಿ ಎಲ್ಲಾ ಆಗೋಯ್ತಣ್ಣಾ" ಎಂದು ಗೊಣಗಿದ.

ಈಗ ಊರಿಗೆ ಹೋಗುವ ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಸ್ಸು ಇನ್ನೂ ಹೊರಟಿಲ್ಲ. ಕಿಟಕಿಯ ಕೆಳಗೇ ಟೀ ಅಂಗಡಿ. ನಾಳೆಯವರೆಗೆ ಕಾಯುವಷ್ಟು ನಂಬಿಕೆ ಜಬಿಗಿಲ್ಲ. ನಾಗನ ಮಣಿಕಟ್ಟನ್ನು ಈಗಲೇ ಗಟ್ಟಿಯಾಗಿ ಹಿಡಿದು ಕೂತಿದ್ದಾನೆ.