ಎರಡು ಸಲ ಎಣಿಸಿದ ರಾಶಿ

ನಾನು ಒಳ್ಳೆಯವಳಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ಅಜ್ಜಂಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಮದುವೆಯಾಗಿಲ್ಲ, ಯಾಕೆ ಅಂತ ಕೇಳುವವರಿಗೆ ಉತ್ತರ ಕೊಡುವ ತಾಳ್ಮೆಯೂ ಇಲ್ಲ. ಎರಡು ವರ್ಷದ ಹಿಂದೆ ಟೀಚರುಗಳೆಲ್ಲ ಸೇರಿ ಗೋವಾ ಟೂರು ಹೋದಾಗ ಕ್ಯಾಸಿನೊ ಹಡಗು ಹತ್ತಿದ್ದೆವು. ಉಳಿದವರು ಊಟಕ್ಕೆ ನುಗ್ಗಿದರು, ನಾನು ಬ್ಲ್ಯಾಕ್‌ಜಾಕ್ ಮೇಜಿನ ಮುಂದೆ ನಿಂತುಬಿಟ್ಟೆ. ಕೈಯಲ್ಲಿರುವ ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಬರಬೇಕು, ದಾಟಬಾರದು, ಅಷ್ಟೇ ಆಟ. ಬಿದ್ದುಹೋದ ಎಲೆಗಳ ಲೆಕ್ಕ ಇಟ್ಟವನಿಗೆ ಉಳಿದ ಎಲೆಗಳ ಅಂದಾಜು ಸಿಕ್ಕುತ್ತದೆ ಅಂತ ಗೊತ್ತಾದಾಗ ಮೈ ಜುಂ ಅಂದಿತು. ಜನ್ಮದಲ್ಲಿ ಒಮ್ಮೆಯಾದರೂ ನನ್ನ ಗಣಿತ ಏನಾದರೂ ಗೆಲ್ಲಲಿ ಅನ್ನಿಸಿತು.

ಊರಿಗೆ ಬಂದು ಫೋನಿನಲ್ಲಿ ಹುಡುಕಿದರೆ, ಅದನ್ನು ಕಲಿಸುವುದಕ್ಕೇ ಒಂದು ವೆಬ್‌ಸೈಟ್ ಇತ್ತು. ಎಲೆಗಳು ಒಂದೊಂದಾಗಿ ಮಿಂಚಿ ಹೋಗುತ್ತವೆ. ಎರಡರಿಂದ ಆರರವರೆಗೆ ಬಂದರೆ ಒಂದು ಕೂಡು. ಏಳು, ಎಂಟು, ಒಂಬತ್ತು ಬಂದರೆ ಸುಮ್ಮನಿರು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಂದರೆ ಒಂದು ಕಳೆ. ಕೊನೆಗೆ ನಾಲ್ಕೈದು ಎಲೆ ಮುಚ್ಚಿಟ್ಟು ‘ಎಷ್ಟು?’ ಅಂತ ಕೇಳುತ್ತದೆ. ಉತ್ತರ ಸರಿಯಾದರೆ ಪರದೆಯೆಲ್ಲ ಹಸಿರು, ತಪ್ಪಾದರೆ ಕೆಂಪು. ಒಂದು ಕಟ್ಟನ್ನು ಮೂವತ್ತು ಸೆಕೆಂಡಿನಲ್ಲಿ ಮುಗಿಸಲಾಗದವರು ಮೇಜಿನ ಹತ್ತಿರ ಸುಳಿಯಬೇಡಿ ಅಂತ ಬೇರೆ ಬರೆದಿತ್ತು. ಎಂಟು ತಿಂಗಳು ತಿಣುಕಿದೆ. ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಅನ್ನಕ್ಕೆ ಕುಕ್ಕರ್ ಇಟ್ಟು ವಿಷಲ್ ಕೂಗುವುದರೊಳಗೆ. ಐವತ್ತು ಸೆಕೆಂಡಿನಿಂದ ಕೆಳಗೆ ಇಳಿಯಲೇ ಇಲ್ಲ, ಅದರಲ್ಲೂ ಅರ್ಧ ತಪ್ಪು. ಎಂಎಸ್ಸಿ ಮಾಡಿದ ತಲೆ, ಥೂ!

ತರೀಕೆರೆಯಲ್ಲಿ ನನ್ನ ಅಕ್ಕ ಇದ್ದಾಳೆ. ಅವಳ ಗಂಡ, ಅಂದರೆ ನನ್ನ ಭಾವ, ಅಲ್ಲಿನ ಒಂದು ಮಂಡಿಯಲ್ಲಿ ತೆಂಗಿನಕಾಯಿ ಎಣಿಸುವವರು. ಓದಿದ್ದು ನಾಲ್ಕನೇ ಕ್ಲಾಸು. ಕೈಗೆ ಎರಡೆರಡು ಕಾಯಿ ಹಿಡಿದು, ‘ಲಾಭ, ಎರಡು, ಮೂರು’ ಅಂತ ರಾಗವಾಗಿ ಹೇಳುತ್ತಾ ಆಚೆ ಎಸೆಯುತ್ತಾ ಹೋಗುತ್ತಿದ್ದರು. ರಾಶಿಯ ಮುಂದೆ ‘ಒಂದು’ ಅನ್ನಬಾರದು, ‘ಲಾಭ’ ಅಂತಲೇ ಶುರುಮಾಡಬೇಕು. ಇನ್ನೊಂದು ಕಟ್ಟುಪಾಡೂ ಇತ್ತು: ಒಂದು ರಾಶಿಯನ್ನು ಎರಡು ಸಲ ಎಣಿಸಬಾರದು. ಎಣಿಸಿದವನು ಹೇಳಿದ್ದನ್ನು ಮಾರುವವನೂ ಒಪ್ಪಬೇಕು, ಕೊಳ್ಳುವವನೂ ಒಪ್ಪಬೇಕು. ಎಣಿಸಿದವನೇ ಮತ್ತೆ ಎಣಿಸಿದರೆ ಅವನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಮೂವತ್ತು ವರ್ಷದಲ್ಲಿ ಭಾವ ಒಂದು ರಾಶಿಯನ್ನೂ ಮತ್ತೆ ಮುಟ್ಟಿರಲಿಲ್ಲ. ಅವರಿಗೆ ಇದ್ದ ಆಸ್ತಿ ಅದೊಂದೇ.

ಯುಗಾದಿಗೆ ಅಕ್ಕನ ಮನೆಗೆ ಹೋಗಿದ್ದೆ. ಒಬ್ಬಟ್ಟಿನ ಊಟ ಆದಮೇಲೆ ಜಗಲಿಯಲ್ಲಿ ಇಸ್ಪೀಟು ಹಾಸಿದರು, ವರ್ಷಕ್ಕೊಂದು ದಿನ ಅದಕ್ಕೆ ಯಾರ ತಕರಾರೂ ಇಲ್ಲ. ಭಾವ ಆಡದೆ, ಬಿಚ್ಚಿ ಬೀಳುವ ಎಲೆಗಳನ್ನು ನೋಡುತ್ತಾ ಕೂತಿದ್ದರು. ಕಟ್ಟಿನಲ್ಲಿ ಇನ್ನು ಹದಿನಾಲ್ಕು ಎಲೆ ಇದ್ದಾಗ, “ಇನ್ನ ಎರಡು ರಾಜ, ಒಂದು ಎಕ್ಕ ಐತೆ, ಮಿಕ್ಕಿದ್ದೆಲ್ಲ ಪುಡಿ ಎಲೆ” ಅಂದರು. ತಿರುವಿ ನೋಡಿದರೆ ಹಾಗೇ ಇತ್ತು. ಬೇಸಿಗೆ ರಜೆಗೆ ಇವರನ್ನು ಗೋವಾಕ್ಕೆ ಕರೆದುಕೊಂಡು ಹೋಗುವುದು, ಎಣಿಸುವುದು ಇವರು, ಆಡುವುದು ನಾನು ಅಂತ ಅಲ್ಲೇ ತೀರ್ಮಾನಿಸಿದೆ. ಭಾವನಿಗೆ ಸಮುದ್ರ ನೋಡುವ ಆಸೆ ಇತ್ತು, ಒಪ್ಪಿಕೊಂಡರು.

ಭಾನುವಾರ ಭಾನುವಾರ ತರೀಕೆರೆ ಬಸ್ಸು ಹತ್ತಿದೆ. ಮೊದಲನೇ ದಿನ ತಮಾಷೆಯೋ ತಮಾಷೆ. ಕೂಡುವುದು ಸರಿ, ಕಳೆಯುವುದು ಅವರ ಬಾಯಲ್ಲಿ ಬರಲೊಲ್ಲದು. “ಕಳೀತು ಅನ್ನೋ ಮಾತು ಎಣಿಸೋವಾಗ ಆಡಬಾರ್ದು ಕಣಮ್ಮ ಟೀಚರಮ್ಮ” ಅಂದರು. ಆಮೇಲೆ ತಾವೇ ಒಂದು ದಾರಿ ಹುಡುಕಿಕೊಂಡರು. ಕೂಡಿದ್ದು ಬಲಗೈ ಗೆಣ್ಣಿನ ಮೇಲೆ, ಕಳೆದಿದ್ದು ಎಡಗೈ ಗೆಣ್ಣಿನ ಮೇಲೆ. ಸೊನ್ನೆಗಿಂತ ಒಂದು ಕೆಳಗೆ ಹೋದರೆ ‘ಎಡಗೈ ಲಾಭ’! ನಾನೂ ಅಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮೂರನೇ ಭಾನುವಾರ ಭಾವ ಇಡೀ ಕಟ್ಟನ್ನು ಇಪ್ಪತ್ತಾರು ಸೆಕೆಂಡಿಗೆ ಮುಗಿಸಿದರು. ಉತ್ತರ ಸರಿ. ಮತ್ತೆ ಹಾಕಿದೆ, ಇಪ್ಪತ್ತನಾಲ್ಕು. ಅದೂ ಸರಿ. ಅಕ್ಕ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಿ, “ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಕಣೇ” ಅಂದಳು. ಅವಳು ಅಂದಿದ್ದು ಖುಷಿಗೆ. ನನಗೆ ಮೈಯೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಯಿತು. ಹೊಟ್ಟೆಕಿಚ್ಚು ಅದು, ಅದಕ್ಕೆ ಬೇರೆ ಹೆಸರು ಇಡುವುದಿಲ್ಲ. ನಾನು ಎಂಟು ತಿಂಗಳು ಒದ್ದಾಡಿದ್ದನ್ನು ಈ ಮನುಷ್ಯ ಬಾಯಲ್ಲಿ ಎಲೆಅಡಿಕೆ ಹಾಕಿಕೊಂಡು ಮಾಡುತ್ತಾನಲ್ಲ! ಮತ್ತೊಂದು ಕಟ್ಟು ಹಾಕಿದೆ. ಭಾವ “ಬಲಗೈ ಮೂರು” ಅಂದರು. ಉತ್ತರ ಮೂರೇ. ಕನ್ನಡಕ ಏರಿಸಿ, ಫೋನನ್ನು ನನ್ನ ಕಡೆ ತಿರುಗಿಸಿಕೊಂಡು, “ತಪ್ಪು, ಎರಡು” ಅಂದೆ.

ಅವರ ಮುಖ ಚಿಕ್ಕದಾಯಿತು. ಆ ಮುಖ ನೋಡಿ ನನಗೆ ಹಿತವಾಯಿತು. ಹೌದು, ಹಿತವೇ ಆಯಿತು.

ಅಲ್ಲಿಂದ ಆರು ಭಾನುವಾರ ಅದೇ ಕೆಲಸ. ಮೂರು ಸಲ ಸರಿ ಹೇಳಿದರೆ ಎರಡು ಸಲ ತಪ್ಪು ಅನ್ನುತ್ತಿದ್ದೆ. “ಗಮನ ಎಲ್ಲಿದೆ ಭಾವ? ವಯಸ್ಸಾಯ್ತು ಬಿಡಿ ನಿಮಗೆ” ಅನ್ನುತ್ತಿದ್ದೆ. ಒಂದು ಸಲ, “ಮಂಡಿಯಲ್ಲೂ ಹೀಗೇ ಎಣಿಸ್ತೀರೋ ಏನೋ, ಅಲ್ಲಿ ಯಾರು ನೋಡಕ್ಕೆ ಹೋಗ್ತಾರೆ” ಅಂತಲೂ ಅಂದೆ. ಅವರು ಗೆಣ್ಣುಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡರು. ಗೋವಾದ ಮಾತು ನಾನೂ ಎತ್ತಲಿಲ್ಲ, ಅವರೂ ಕೇಳಲಿಲ್ಲ.

ರಜೆ ಮುಗಿಯುವ ವಾರ ಅಕ್ಕನ ಮನೆಯಲ್ಲೇ ಇದ್ದೆ, ಮಧ್ಯಾಹ್ನದ ಬುತ್ತಿ ಕೊಡಲು ನಾನೇ ಮಂಡಿಗೆ ಹೋದೆ. ಭಾವ ಒಂದು ದೊಡ್ಡ ರಾಶಿ ಮುಗಿಸಿ ನಿಂತಿದ್ದರು. ಕಾಯಿ ತಂದ ರೈತ “ಎಷ್ಟಾಯ್ತು ಯಜಮಾನ್ರೇ?” ಅಂದ. ಭಾವ ಬಾಯಿ ತೆರೆದರು, ಮುಚ್ಚಿದರು. ಎಸೆದ ರಾಶಿಯ ಕಡೆ ತಿರುಗಿ ಬಗ್ಗಿ, ಎರಡು ಕೈಗೂ ಕಾಯಿ ತೆಗೆದುಕೊಂಡು “ಲಾಭ” ಅಂದರು.

ಮಂಡಿಯವರೆಲ್ಲ ತಿರುಗಿ ನೋಡಿದರು. “ಏನಪ್ಪಾ ಇದು, ಇಷ್ಟು ವರ್ಷ ಹೊಡೆದಿದ್ದು ಎಷ್ಟು?” ಅಂತ ರೈತ ಕೂಗಾಡಿದ. ಮಂಡಿ ಸಾವ್ಕಾರರು ಗದ್ದಿಗೆ ಬಿಟ್ಟು ಎದ್ದು ಬಂದು, “ಇದೇ ವಾರದಲ್ಲಿ ಇದು ಮೂರನೇದು ಕಣಯ್ಯಾ. ನಾಳೆಯಿಂದ ಎಣಿಸಕ್ಕೆ ಬರಬೇಡ” ಅಂದರು. ಬೈಯಲೂ ಇಲ್ಲ ಅವರು. ಇವರ ತಲೆ ಕೆಡಿಸಿದವಳು ನಾನು ಅಂತ ಅಲ್ಲೇ ಒಂದು ಮಾತು ಹೇಳಬಹುದಿತ್ತು. ಬುತ್ತಿ ಗಲ್ಲಾಪೆಟ್ಟಿಗೆ ಪಕ್ಕ ಇಟ್ಟು, ಬಸ್ ಸ್ಟ್ಯಾಂಡಿಗೆ ನಡೆದೆ.

ಭಾವ ಕಡೂರಿನ ಕಡೆ ಕೆಲಸ ಕೇಳಲು ಹೋದರಂತೆ. ಸುದ್ದಿ ಅವರಿಗಿಂತ ಮೊದಲೇ ಕಡೂರು ಮುಟ್ಟಿತ್ತು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ’ ಅಂತ ಅಕ್ಕ ಫೋನಿನಲ್ಲಿ ಅತ್ತಳು. ನಾನು ಸಮಾಧಾನ ಹೇಳಿದೆ, ಎಂಥ ನಾಲಿಗೆ ನನ್ನದು! ಕೊನೆಗೆ ಅದೇ ಹಳೇ ಮಂಡಿಯಲ್ಲಿ ಮೂಟೆ ಹೊರುವ ಕೆಲಸ ಕೊಟ್ಟರು. ಐವತ್ತಾರರ ವಯಸ್ಸಿನಲ್ಲಿ ಭಾವ ಮೂಟೆ ಹೊರುತ್ತಾರೆ, ಅವರ ಕಣ್ಣೆದುರೇ ಬೇರೆಯವನು ಕಾಯಿ ಎಣಿಸುತ್ತಾನೆ. ಅಕ್ಕ ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿದಳು.

ಆರು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಹೋದ ತಿಂಗಳು ಒಂದು ಭಾನುವಾರ ಹೋದೆ. ಅಕ್ಕ ಮನೆಯಲ್ಲಿರಲಿಲ್ಲ. ಭಾವ ಜಗಲಿಯಲ್ಲಿ ಕೂತು ಭುಜಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನಿಂತುಕೊಂಡೇ ಹೇಳಿಬಿಟ್ಟೆ: “ಭಾವ, ಆವತ್ತು ನೀವು ಹೇಳಿದ್ದೆಲ್ಲ ಸರಿ ಇತ್ತು. ತಪ್ಪು ಅಂತ ನಾನೇ ಸುಳ್ಳು ಹೇಳಿದೆ. ಬೇಕಂತಲೇ.”

ಬೈಯಲಿ, ಹೊಡೆಯಲಿ ಅಂತ ಕಾದೆ. ಅವರು ಎಣ್ಣೆ ಕೈಯನ್ನು ಪಂಚೆಗೆ ಒರೆಸಿಕೊಂಡರು.

“ಸರಿ ಇದ್ರೆ ಹಸಿರು ಬತ್ತಿತ್ತಲ್ಲಮ್ಮ. ನೀನು ಫೋನು ಅತ್ಲಾಗೆ ತಿರುಗಿಸ್ಕೊಂಡ್ರೂ ನಿನ್ನ ಕನ್ನಡಕದಲ್ಲಿ ಹಸಿರು ಹೊಳೀತಿತ್ತು. ವಾರವಾರ ನೋಡ್ತಿದ್ದೆ. ಮಿಷನ್ನು ಕೆಟ್ಟೋಗೈತೆ ಅನ್ಕೊಂಡೆ” ಅಂದರು. ಎಣ್ಣೆ ಬಟ್ಟಲು ಪಕ್ಕಕ್ಕೆ ಸರಿಸಿ, “ನೀನು ಓದಿರೋಳು. ನಮ್ಮನೆ ಮಗಳು. ನೀನ್ಯಾಕಮ್ಮ ಸುಳ್ಳು ಹೇಳ್ತೀಯ?” ಅಂದರು.

ಅವರು ನಿಜವಾಗಲೂ ಕೇಳುತ್ತಿದ್ದರು. ಉತ್ತರಕ್ಕೆ ನನ್ನ ಮುಖ ನೋಡುತ್ತಾ ಕೂತರು.