ಲಾವಾ ದಾರಿಯಲ್ಲಿ ಹಂಚಿದ ಮಾತ್ರೆ

2022ರ ಅಕ್ಟೋಬರ್. ನಾನಾಗ ನಾರ್ತ್ ಕ್ಯಾರೊಲೈನಾದ ಕ್ಯಾರಿ ಸಮೀಪದ ಆಸ್ಪತ್ರೆಯೊಂದರಲ್ಲಿ ನೆಫ್ರಾಲಜಿಸ್ಟ್, ಅಂದರೆ ಮೂತ್ರಪಿಂಡದ ತಜ್ಞೆ. ಧಾರವಾಡದಲ್ಲಿ ಓದಿ ಇಲ್ಲಿಗೆ ಬಂದು ಕಾಲು ಶತಮಾನ ಕಳೆದಿತ್ತು, ನಿವೃತ್ತಿ ಹತ್ತಿರವಾಗಿತ್ತು. ಇಷ್ಟು ವರ್ಷಗಳಲ್ಲಿ ವಿಮಾ ಕಂಪನಿಗಳ ಮೇಲೆ, ಮಾತು ಕೇಳದ ರೋಗಿಗಳ ಮೇಲೆ ಸಿಟ್ಟು ಬಂದದ್ದುಂಟು, ಸಂಜೆಯ ಹೊತ್ತಿಗೆ ಇಳಿದದ್ದೂ ಉಂಟು. ಈ ಪ್ರಕರಣದ ಸಿಟ್ಟು ಮಾತ್ರ ಇಳಿಯಲಿಲ್ಲ. ರೋಗಿಯ ಒಪ್ಪಿಗೆ ಪಡೆದು, ಹೆಸರುಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಒಂದು ಸೋಮವಾರ ಬೆಳಿಗ್ಗೆ ಎಮರ್ಜೆನ್ಸಿ ವಿಭಾಗದಿಂದ ಕರೆ ಬಂತು. ನಲವತ್ತೆಂಟು ವರ್ಷದ ಹೆಂಗಸು, ಹಿಂದಿನ ದಿನವಷ್ಟೇ ಹವಾಯಿಯಿಂದ ಮರಳಿದ್ದಾರೆ, ತೊಡೆಗಳು ಊದಿವೆ, ಮೂತ್ರ ಹೆಚ್ಚುಕಡಿಮೆ ನಿಂತೇಹೋಗಿದೆ. ಹೋಗಿ ನೋಡಿದರೆ ಕ್ಯಾಥೆಟರ್ ಚೀಲದ ತಳದಲ್ಲಿ ಕೋಕ್ ಬಣ್ಣದ್ದೇನೋ ಒಂದಿಷ್ಟು. ರಕ್ತದ ಪೊಟ್ಯಾಸಿಯಂ 6.9. ಅದು ಐದು ದಾಟಿದರೆ ನಾವು ಎಚ್ಚರಗೊಳ್ಳುತ್ತೇವೆ. ಏಳರ ಹತ್ತಿರ ಬಂದರೆ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು. ಸ್ನಾಯು ಒಡೆದಾಗ ರಕ್ತಕ್ಕೆ ಸೋರುವ ಸಿ.ಕೆ. ಎಂಬ ಕಿಣ್ವ ಇನ್ನೂರರ ಆಸುಪಾಸಿನಲ್ಲಿರಬೇಕು. ಇವರದು ತೊಂಬತ್ತು ಸಾವಿರ ದಾಟಿತ್ತು. ಇದನ್ನು ರಾಬ್ಡೊಮಯೊಲಿಸಿಸ್ ಎನ್ನುತ್ತೇವೆ: ಅತಿಯಾಗಿ ದಣಿದ ಸ್ನಾಯು ಕರಗಿ, ಅದರ ಕಸವೆಲ್ಲ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕಟ್ಟಿಕೊಳ್ಳುವ ಸ್ಥಿತಿ.

ಆಕೆ ವೀಣಾ. ಮೈಸೂರಿನವರು, ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧ ಕಂಪನಿಯೊಂದರಲ್ಲಿ ಕೆಲಸ, ಮಾರಿಸ್‌ವಿಲ್‌ನಲ್ಲಿ ಮನೆ. ಮಂಚದ ಪಕ್ಕದಲ್ಲಿ ನಿಂತಿದ್ದ ಗಂಡ ಪ್ರಸನ್ನ, ನನ್ನ ಕೋಟಿನ ಮೇಲಿನ ಹೆಸರು ನೋಡಿದ್ದೇ ಕನ್ನಡದಲ್ಲಿ ಶುರು ಮಾಡಿದರು.

"ನೋಡಿ ಡಾಕ್ಟ್ರೇ, ನಾನು ಬಡ್ಕೊಂಡೆ. ಈ ವಯಸ್ಸಲ್ಲಿ ಸೈಕಲ್ಲು ಗೀಕಲ್ಲು ಯಾಕೆ? ಕೇಳಿದ್ರೆ ತಾನೆ?"

ವೀಣಾ ಗೋಡೆಯ ಕಡೆ ಮುಖ ತಿರುಗಿಸಿದರು. ಸಿಟ್ಟು ಬಂದರೆ ನನ್ನ ಬಾಯಿಗೆ ಧಾರವಾಡವೇ ಬರುತ್ತದೆ. "ಆಕಿ ಜೀವಾ ಉಳದ ಮ್ಯಾಲೆ ಬೈಯ್ರಿ. ಈಗ ಹೊರಗ ಕೂಡ್ರಿ," ಅಂದೆ.

ಕುತ್ತಿಗೆಯ ರಕ್ತನಾಳಕ್ಕೆ ನಳಿಕೆ ಹಾಕಿ ತಕ್ಷಣ ಡಯಾಲಿಸಿಸ್ ಆರಂಭಿಸಿದೆವು. ಪೊಟ್ಯಾಸಿಯಂ ಇಳಿದು ಇಸಿಜಿ ಸರಿಹೋದ ಮೇಲೆ ಮಂಚದ ಬಳಿ ಕುಳಿತು ಎಲ್ಲವನ್ನೂ ಕೇಳಿದೆ.

ವೀಣಾ ಹೊಡೆಯುತ್ತಿದ್ದದ್ದು ಗ್ರಾವೆಲ್ ಬೈಕ್. ಎಂದರೆ ರೇಸಿನ ಸೈಕಲ್ಲಿನಂತೆ ಹ್ಯಾಂಡಲ್ ಬಾಗಿದ, ಆದರೆ ಕಲ್ಲುದಾರಿಯಲ್ಲಿ ಓಡುವಂತೆ ಅಗಲ ಟೈರಿನ ಸೈಕಲ್ಲು. ನಮ್ಮ ಕನ್ನಡಿಗರದ್ದೇ ಒಂದು ಗುಂಪು ಶನಿವಾರಗಳಂದು ಅಮೆರಿಕನ್ ಟೊಬ್ಯಾಕೊ ಟ್ರೇಲ್‌ನಲ್ಲಿ ಸೈಕಲ್ ಹೊಡೆಯುತ್ತಿತ್ತು. ಅದು ಪೈನ್ ಮರಗಳ ನೆರಳಿನ, ನುಣ್ಣನೆಯ ಜಲ್ಲಿಯ, ಬಹುಪಾಲು ಸಮತಟ್ಟಾದ ದಾರಿ. ಗುಂಪಿನ ನಾಯಕ ಡಾ. ಮುರಳಿ, ಹೆಸರುವಾಸಿ ಮೂಳೆ ಶಸ್ತ್ರಚಿಕಿತ್ಸಕ. ವೀಣಾ ಎರಡು ವರ್ಷ ಒಂದು ಶನಿವಾರವನ್ನೂ ತಪ್ಪಿಸಿರಲಿಲ್ಲ. ಆ ವರ್ಷ ಹವಾಯಿಯ ದೊಡ್ಡ ದ್ವೀಪದಲ್ಲಿ ನಾಲ್ಕು ದಿನದ ಸವಾರಿ ಎಂದು ಮುರಳಿ ಗುಂಪನ್ನು ಹೊರಡಿಸಿದ್ದರು.

"ಅಲ್ಲಿ ಗ್ರಾವೆಲ್ ಅಂದ್ರೆ ಗ್ರಾವೆಲ್ ಅಲ್ಲ ಮೇಡಂ," ಅಂದರು ವೀಣಾ. "ಒಡೆದ ಲಾವಾ. ಗಾಜಿನ ಚೂರಿನ ಮೇಲೆ ಹೋದ ಹಾಗೆ. ಒಂದು ಮರ ಇಲ್ಲ. ಮೇಲಿಂದ ಬಿಸಿಲು, ಕೆಳಗಿಂದ ಕಪ್ಪು ಕಲ್ಲಿನ ಕಾವು. ಏರು ಮುಗೀತು ಅಂದ್ಕೊಂಡ್ರೆ ಇನ್ನೊಂದು ಏರು. ಆದ್ರೂ ಮೊದಲ್ನೇ ದಿನ ನಾನು ಎಷ್ಟು ಖುಷಿಯಾಗಿದ್ದೆ ಗೊತ್ತಾ? ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ, ಮಧ್ಯೆ ನಾನು."

ಮುರಳಿ ಮುಂಜಾನೆ ತಿಂಡಿಯ ಜೊತೆಗೇ ಎಲ್ಲರಿಗೂ 800 ಮಿಲಿಗ್ರಾಂನ ಐಬುಪ್ರೊಫೇನ್ ಎಂಬ ನೋವಿನ ಮಾತ್ರೆ ಹಂಚುತ್ತಿದ್ದರು, ನೋವು ಬರುವ ಮೊದಲೇ. ಮಧ್ಯಾಹ್ನ ಇನ್ನೊಂದು, ರಾತ್ರಿ ಮತ್ತೊಂದು. "ಸೈಕಲ್ಲಿನವರ ವಿಟಮಿನ್ ಇದು," ಎಂದು ನಗುತ್ತಿದ್ದರಂತೆ. ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಈ ಮಾತ್ರೆ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ಇದು ಗುಟ್ಟಿನ ಜ್ಞಾನವಲ್ಲ, ವೈದ್ಯಕೀಯ ವಿದ್ಯಾರ್ಥಿಗಳು ಪರೀಕ್ಷೆಗೆ ಓದುವ ಪಾಠ.

ಮೂರನೆಯ ದಿನ ನೀರು ತರಬೇಕಿದ್ದ ವ್ಯಾನಿನ ಟೈರು ದಾರಿಯಲ್ಲೇ ಒಡೆಯಿತು. ಗುಂಪು ಒಣಬಾಯಲ್ಲೇ ಏರು ಮುಗಿಸಿತು. ಸಂಜೆ ವೀಣಾಗೆ ಮೆಟ್ಟಿಲು ಹತ್ತಲಾಗಲಿಲ್ಲ, ಮೂತ್ರ ಕಂದು ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಗೆ ಹೋಗುತ್ತೇನೆ ಎಂದು ಮುರಳಿಗೆ ಹೇಳಿದರು. ಊಟದ ಮೇಜಿನ ಸುತ್ತ ಎಲ್ಲರೂ ಇದ್ದರು.

"'ಇಲ್ಲಿ ಡಾಕ್ಟ್ರು ನಾನಾ, ನಿಮ್ಮ ಗೂಗಲ್ಲಾ?' ಅಂದ್ರು. ಎಲ್ರೂ ನಕ್ರು. 'ನಿಮ್ಮ ಏಜಲ್ಲಿ ಲೇಡೀಸ್‌ಗೆ ಆಂಗ್ಸೈಟಿ ಜಾಸ್ತಿ. ಇನ್ನೊಂದು ಟ್ಯಾಬ್ಲೆಟ್ ತಗೊಂಡು ಮಲ್ಕೊಳ್ಳಿ' ಅಂದ್ರು. ಅಷ್ಟು ಜನರ ಮುಂದೆ ಇನ್ನೇನು ಹೇಳ್ಲಿ? ತಗೊಂಡೆ. ಹಾಗೇ ಫ್ಲೈಟ್ ಹತ್ತಿ ಮನೆಗೆ ಬಂದೆ."

ಇದನ್ನು ಕೇಳುತ್ತ ನನ್ನ ಕಿವಿ ಬಿಸಿಯಾದವು. ಆ ಸಂಜೆಯೇ ಡ್ರಿಪ್ ಹಾಕಿಸಿದ್ದರೆ ಬಹುಶಃ ಡಯಾಲಿಸಿಸ್ ಬೇಕೇ ಆಗುತ್ತಿರಲಿಲ್ಲ.

ಮರುದಿನ ಕಾರಿಡಾರಿನಲ್ಲಿ ಹೂಗುಚ್ಛ ಹಿಡಿದು ಮುರಳಿ ಎದುರಾದರು. "ಮೇಡಂ, ಓವರ್ ಎಕ್ಸರ್ಷನ್ ತಾನೆ? ಟ್ರೈನಿಂಗ್ ಸಾಲ್ದು ಅವರಿಗೆ. ಆ ಐಬುಪ್ರೊಫೇನ್ ವಿಷಯ ಚಾರ್ಟಲ್ಲಿ ದೊಡ್ಡದು ಮಾಡ್ಬೇಡಿ, ಪ್ಲೀಸ್. ನಾವೆಲ್ಲ ಒಂದೇ ಕಮ್ಯುನಿಟಿ."

"ನನ್ನ ಪೇಶಂಟ್ ವಿಷಯ ನಿಮ್ಮ ಕೂಡ ಮಾತಾಡಂಗಿಲ್ಲ. ಹಾದಿ ಬಿಡ್ರಿ," ಅಂದೆ. ಇನ್ನೂ ನೂರು ಮಾತು ಹೇಳುವುದಿತ್ತು. ಆದರೆ ರೋಗಿಯ ಗೋಪ್ಯತೆಯ ಕಾನೂನು ನನ್ನ ಬಾಯಿ ಕಟ್ಟಿತ್ತು. ಚಾರ್ಟಿನಲ್ಲಿ ಮಾತ್ರೆಯ ಹೆಸರು, ಪ್ರಮಾಣ, ಕೊಟ್ಟವರು ವೈದ್ಯರೆಂಬುದು, ಎಲ್ಲವನ್ನೂ ಬರೆದೆ.

ಮುರಳಿಯ ಬಾಯಿ ಕಟ್ಟುವವರು ಯಾರೂ ಇರಲಿಲ್ಲ. ಮುಂದಿನ ವಾರ ದೇವಸ್ಥಾನದಲ್ಲಿ ಊಟಕ್ಕೆ ಕುಳಿತಾಗ ಪಕ್ಕದ ಹೆಂಗಸು ಹೇಳುತ್ತಿದ್ದಳು: "ಪಾಪ, ಗಂಡಸ್ರ ಜೊತೆ ಕಾಂಪೀಟ್ ಮಾಡೋಕೆ ಹೋದ್ರಂತೆ. ಮುರಳಿ ಸರ್ ಇದ್ದಿದ್ದಕ್ಕೆ ಬದುಕಿದ್ರು." ತುತ್ತು ಕೈಯಲ್ಲೇ ಉಳಿಯಿತು. ತಟ್ಟೆ ಬಿಟ್ಟು ಎದ್ದು ಬಂದು, ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ಹಾಕಿಕೊಂಡು ಒಬ್ಬಳೇ ಬೈದೆ.

ಮೂರನೆಯ ವಾರ ಮೂತ್ರಪಿಂಡ ಎಚ್ಚೆತ್ತಿತು. ಚೀಲದಲ್ಲಿ ತಿಳಿಹಳದಿ ಮೂತ್ರ ಕಂಡ ದಿನ ನರ್ಸ್ ಚಪ್ಪಾಳೆ ತಟ್ಟಿದಳು. ವೀಣಾ ನಗಲಿಲ್ಲ. "ಮೇಡಂ, ನಿಜ ಹೇಳಿ. ಇದು ನನ್ನ ತಪ್ಪಾ?" ಎಂದು ಕೇಳಿದರು.

ಪ್ರಸನ್ನ ಅಲ್ಲೇ ಇದ್ದರು. ಅವರ ಎದುರಿಗೇ ಮಾತ್ರೆ ಏನು ಮಾಡಿತು, ತಡ ಏನು ಮಾಡಿತು ಎಂದು ಬಿಡಿಸಿ ಹೇಳಿದೆ. "ಸೈಕಲ್ ಹೊಡದದ್ದು ತಪ್ಪಲ್ಲ. ನೀವು ಸರಿಯಾದ ಹೊತ್ತಿಗೆ ಸರಿಯಾದ ಮಾತೇ ಹೇಳಿದ್ರಿ. ಕೇಳಬೇಕಾದವರು ಕೇಳಲಿಲ್ಲ."

ಪ್ರಸನ್ನ ಜೇಬಿನಿಂದ ಫೋನ್ ತೆಗೆದು ನೋಡುತ್ತ, "ನಾನು ಮುರಳಿ ಅವರಿಗೆ, ಇವಳನ್ನ ನೋಡ್ಕೊಂಡಿದ್ದಕ್ಕೆ ಥ್ಯಾಂಕ್ಸ್ ಅಂತ ಮೆಸೇಜ್ ಹಾಕಿದೀನಿ," ಎಂದರು.

ಮಾರ್ಚಿನಲ್ಲಿ ವೀಣಾ ಫೋನ್ ಮಾಡಿದರು. ಮುರಳಿ ಮತ್ತೊಂದು ಜ್ವಾಲಾಮುಖಿ ದ್ವೀಪಕ್ಕೆ ಗುಂಪು ಹೊರಡಿಸುತ್ತಿದ್ದಾರೆ, ಸಿದ್ಧತೆಯ ಸಭೆ ಇದೆ. "ನಾನು ಮಾತಾಡ್ತೀನಿ. ನೀವು ಬನ್ನಿ. ನನ್ನ ವಿಷಯ ಏನು ಬೇಕಾದ್ರೂ ಹೇಳಿ, ಸೈನ್ ಮಾಡಿ ಕೊಡ್ತೀನಿ."

ಮುರಳಿಯ ಬಡಾವಣೆಯ ಕ್ಲಬ್‌ಹೌಸಿನಲ್ಲಿ ಇಪ್ಪತ್ತು ಜನ ಸೇರಿದ್ದರು. ಮುರಳಿ ಜೊತೆಗೆ ಒಯ್ಯಬೇಕಾದ ಸಾಮಾನುಗಳನ್ನು ಹೇಳುತ್ತ, "ಆಮೇಲೆ ನಮ್ಮ ವಿಟಮಿನ್" ಎಂದು ನಕ್ಕಾಗ ವೀಣಾ ಎದ್ದು ನಿಂತರು. ನಡೆದದ್ದನ್ನೆಲ್ಲ ಹೇಳಿದರು. ಮುರಳಿಯ ಮುಖ ಕೆಂಪಾಯಿತು.

"ನಾನೇನು ಫೋರ್ಸ್ ಮಾಡಿಲ್ಲ. ಅದು ಫ್ರೆಂಡ್ಲಿ ಅಡ್ವೈಸ್, ಟ್ರೀಟ್‌ಮೆಂಟ್ ಅಲ್ಲ."

"ಆಸ್ಪತ್ರೆಗೆ ಹೋಗ್ತೀನಿ ಅಂದಾಗ 'ಡಾಕ್ಟ್ರು ನಾನಾ, ಗೂಗಲ್ಲಾ' ಅಂದ್ರಲ್ಲ ಸರ್," ಎಂದರು ವೀಣಾ. "ಆಗ ನೀವು ಫ್ರೆಂಡಾ, ಡಾಕ್ಟ್ರಾ?"

ಅಂದು ಮೇಜಿನ ಸುತ್ತ ನಕ್ಕಿದ್ದವರೂ ಅಲ್ಲಿದ್ದರು. ಆಗ ನಾನು ಎದ್ದು, ತಿಂಗಳುಗಟ್ಟಲೆ ಹಿಡಿದಿಟ್ಟದ್ದನ್ನೆಲ್ಲ, ಈ ಮಾತ್ರೆ ಮೂತ್ರಪಿಂಡಕ್ಕೆ ಏನು ಮಾಡುತ್ತದೆ, ಬಿಪಿ, ಸಕ್ಕರೆ ಕಾಯಿಲೆ ಇದ್ದವರಿಗೆ ಎಷ್ಟು ಅಪಾಯ ಎಂಬುದನ್ನು ಹೇಳಿದೆ. ಮಾತು ಮುಗಿಯುವ ಮೊದಲೇ ಹಿಂದಿನ ಸಾಲಿನವರೊಬ್ಬರು, "ಆಂಟಿ, ನಾನು ಬಿಪಿಗೆ ಲಿಸಿನೊಪ್ರಿಲ್ ತಗೋತೀನಿ, ರೈಡ್ ದಿನ ಅದರ ಜೊತೆ ಈ ಐಬುಪ್ರೊಫೇನೂ ತಗೋತಿದ್ದೆ," ಎಂದರು. ಇನ್ನೊಬ್ಬರು ತಮಗೆ ಸಕ್ಕರೆ ಕಾಯಿಲೆ ಎಂದರು. ಮುರಳಿ ಲ್ಯಾಪ್‌ಟಾಪ್ ಮುಚ್ಚಿ ಹೊರಟುಹೋದರು. ಕ್ಷಮೆ ಕೇಳಲಿಲ್ಲ, ಇಂದಿಗೂ ಕೇಳಿಲ್ಲ. ಅವರ ಪ್ರಾಕ್ಟೀಸ್ ಮೊದಲಿನಂತೆಯೇ ಜೋರಾಗಿ ನಡೆದಿದೆ.

ವೀಣಾ ಅವರ ಮೂತ್ರಪಿಂಡಗಳ ಶಕ್ತಿ ಮುಕ್ಕಾಲು ಭಾಗ ಮರಳಿದೆ. ಉಳಿದ ಕಾಲು ಬರುವುದಿಲ್ಲ. ಶನಿವಾರ ಸೈಕಲ್ ಹೊಡೆಯುತ್ತಾರೆ. ಈಗ ಅವರ ಜೊತೆ, ಏದುಸಿರು ಬಿಡುತ್ತ, ಪ್ರಸನ್ನ ಅವರೂ ಹೋಗುತ್ತಾರೆ.

ನನ್ನ ವೃತ್ತಿ ಕಲಿಸಿದ್ದು ಇಷ್ಟು: ಬಿಳಿ ಕೋಟು ಮನೆಯಲ್ಲಿ ಬಿಟ್ಟು ಹೋದರೂ ವೈದ್ಯ ವೈದ್ಯನೇ. ಅವನು ಊಟದ ಮೇಜಿನಲ್ಲಿ ಆಡಿದ ತಮಾಷೆಯನ್ನೂ ಜನ ಔಷಧಿಯೆಂದೇ ನುಂಗುತ್ತಾರೆ. ಕಿರಿಯ ವೈದ್ಯರಿಗೆ ಇದನ್ನು ಹೇಳುವಾಗ ನನ್ನ ದನಿ ಈಗಲೂ ಏರುತ್ತದೆ. ಇಳಿಸಿ ಹೇಳಲು ನನಗೆ ಮನಸ್ಸಿಲ್ಲ.